ಮನೆ ಹತ್ತಿರ ನಮ್ಮದೇ ಒಬ್ಬ ಡಾಕ್ಟರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳನ್ನು ಹರಡಿಕೊಂಡು ಕೂತರೆ ಅರ್ಧಕ್ಕರ್ಧ ಒಂದೇ ಮಾತು. ನಮಗೆ ಅಂತ ಒಬ್ಬ ಡಾಕ್ಟರು ಇಲ್ಲ. ದೊಡ್ಡ ಆಸ್ಪತ್ರೆ ಇದೆ, ಸ್ಪೆಷಲಿಸ್ಟ್ ಇದ್ದಾರೆ, ಮೊಬೈಲಿನಲ್ಲಿ ಆ್ಯಪ್ ಇದೆ, ಆದರೆ ರಾತ್ರಿ ಎಂಟಕ್ಕೆ ಮಗುವಿಗೆ ಜ್ವರ ಏರಿದರೆ ಯಾರ ಹತ್ತಿರ ಓಡಬೇಕು ಗೊತ್ತಿಲ್ಲ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ. ನಾನು ಮುಂಬೈಯ ಉಪನಗರದಲ್ಲಿ ಸಣ್ಣ ಕ್ಲಿನಿಕ್ ನಡೆಸುವವಳು, ಹೇಳುವುದೆಲ್ಲ ಆ ಕುರ್ಚಿಯಲ್ಲಿ ಕೂತು ನೋಡಿದ್ದು. ಉದ್ದದ ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಹೆಸರು ಹಾಕಿಲ್ಲ.

ಪ್ರಶ್ನೆ: ಮೊದಲು ಮಾಟುಂಗಾದಲ್ಲಿದ್ದೆವು. ಅಲ್ಲಿ ನಮ್ಮ ಮಾವನವರ ಕಾಲದಿಂದ ಒಬ್ಬರೇ ಡಾಕ್ಟರು. ಅವರು ವಯಸ್ಸಾಗಿ ಕ್ಲಿನಿಕ್ ಮುಚ್ಚಿದರು, ನಾವು ಡೊಂಬಿವಿಲಿಗೆ ಬಂದೆವು. ಈಗ ನಮ್ಮ ಮನೆಯವರಿಗೆ ಶುಗರ್‌ಗೆ ಒಬ್ಬರು, ಬಿಪಿಗೆ ಹಾರ್ಟ್ ಡಾಕ್ಟರು, ಮಂಡಿನೋವಿಗೆ ಮತ್ತೊಬ್ಬರು. ಮಾತ್ರೆ ಡಬ್ಬಿ ತುಂಬಿ ತುಳುಕುತ್ತಿದೆ. ಇತ್ತೀಚೆಗೆ ಕಾಲು ಸ್ವಲ್ಪ ಊದುತ್ತಿದೆ, ಅದನ್ನು ಮೂವರಲ್ಲಿ ಯಾರಿಗೆ ಹೇಳಬೇಕು? ಇಲ್ಲಿ ಒಳ್ಳೆಯ ಫ್ಯಾಮಿಲಿ ಡಾಕ್ಟರನ್ನು ಹುಡುಕುವುದು ಹೇಗೆ? – ಗೃಹಿಣಿ, ಡೊಂಬಿವಿಲಿ ಪೂರ್ವ

ಅಕ್ಕಾ, ಮೊದಲು ಕಾಲಿನ ಊತದ ಮಾತು. ಬಿಪಿಗೆ ಕೊಡುವ ಆಮ್ಲೋಡಿಪಿನ್ ಎಂಬ ಮಾತ್ರೆಯಿಂದ ಪಾದದ ಗಂಟಿನ ಹತ್ತಿರ ಊತ ಬರಬಹುದು. ನೋವಿನ ಮಾತ್ರೆಯಿಂದಲೂ ಬರಬಹುದು. ಕಿಡ್ನಿಯೋ ಹೃದಯವೋ ಸುಸ್ತಾದರೂ ಬರಬಹುದು. ಆದ್ದರಿಂದ ಕಾಯುತ್ತಾ ಕೂರಬೇಡಿ, ಈ ವಾರವೇ ಮೂವರಲ್ಲಿ ಯಾರು ಬೇಗ ಸಿಗುತ್ತಾರೋ ಅವರಿಗೆ ತೋರಿಸಿ, ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಮತ್ತು ಮೂತ್ರದ ಪರೀಕ್ಷೆ ಮಾಡಿಸಬೇಕೇ ಅಂತ ಕೇಳಿ. ಮಲಗಿದರೆ ಉಸಿರು ಕಟ್ಟುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅನ್ನುವ ಹಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಿಪಿ, ಶುಗರ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಈಗ ದೊಡ್ಡ ಪ್ರಶ್ನೆ. ಮೂವರು ಡಾಕ್ಟರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿರಬಹುದು. ಆದರೆ ಮೂರು ಚೀಟಿಯನ್ನು ಪಕ್ಕಪಕ್ಕ ಇಟ್ಟು ನೋಡಿದವರು ಯಾರೂ ಇಲ್ಲ, ಅಲ್ವಾ? ನಿಮ್ಮ ಹಳೇ ಮಾಟುಂಗಾ ಡಾಕ್ಟರು ಮಾಡುತ್ತಿದ್ದದ್ದು ಅದನ್ನೇ, ಅವರು ಹೋದ ಮೇಲೆ ಖಾಲಿ ಬಿದ್ದಿರುವುದೂ ಅದೇ ಜಾಗ.

ನನ್ನ ಹತ್ತಿರ ಹೊಸದಾಗಿ ಬರುವ ಹಿರಿಯರಿಗೆ ಮನೆಯಲ್ಲಿರುವ ಮಾತ್ರೆ ಎಲ್ಲಾ ಒಂದು ಚೀಲಕ್ಕೆ ಹಾಕಿ ತನ್ನಿ ಅನ್ನುತ್ತೇನೆ. ಬರೀ ಚೀಟಿ ಅಲ್ಲ, ಮಾತ್ರೆಯೇ ಬೇಕು. ಮೇಜಿನ ಮೇಲೆ ಸುರಿದರೆ ರಬ್ಬರ್ ಬ್ಯಾಂಡ್ ಹಾಕಿದ ಸ್ಟ್ರಿಪ್‌ಗಳು, ಹೆಸರಿನ ಕಡೆಯೇ ಕತ್ತರಿಸಿ ಹೋದ ತುಂಡುಗಳು, ಯಾವತ್ತೋ ಅರ್ಧಕ್ಕೆ ಬಿಟ್ಟ ಆ್ಯಂಟಿಬಯೋಟಿಕ್, ಆಯುರ್ವೇದದ ಒಂದು ಡಬ್ಬಿ. ಹೋದ ಮಳೆಗಾಲದಲ್ಲಿ ಒಬ್ಬರ ಚೀಲದಲ್ಲಿ ಟೆಲ್ಮಿಸಾರ್ಟಾನ್ ಎಂಬ ಒಂದೇ ಬಿಪಿ ಔಷಧ ಎರಡು ಕಂಪನಿಯ ಹೆಸರಿನಲ್ಲಿತ್ತು, ಒಂದು ಬೆಳಿಗ್ಗೆ ನುಂಗುತ್ತಿದ್ದರು, ಒಂದು ರಾತ್ರಿ. ಅದರ ಜೊತೆಗೆ ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ, ಅದರ ಮೇಲೆ ಮಂಡಿಗೆ ಅಂತ ಅಸೆಕ್ಲೋಫೆನಾಕ್ ದಿನಕ್ಕೆರಡು. ಈ ಮೂರು ಜಾತಿಯ ಔಷಧ ಒಟ್ಟಿಗೆ ಸೇರಿದರೆ, ಅದರಲ್ಲೂ ನೀರು ಕಡಿಮೆ ಕುಡಿಯುವ ವಯಸ್ಸಾದವರಲ್ಲಿ, ಕಿಡ್ನಿಗೆ ಪೆಟ್ಟು ಬೀಳುವ ಅಪಾಯ ಹೆಚ್ಚು. ಇದು ಹೊಸ ವಿಷಯವೇನಲ್ಲ, ಎಲ್ಲಾ ಡಾಕ್ಟರಿಗೂ ಗೊತ್ತಿರುವುದೇ. ಆದರೆ ನೋವಿನ ಮಾತ್ರೆ ಬರೆದವರಿಗೆ ಬಿಪಿ ಚೀಟಿ ತೋರಿಸಿರಲಿಲ್ಲ. ನಿಮ್ಮ ಮನೆಯವರ ಚೀಲ ಈ ವಾರವೇ ಯಾರ ಮುಂದಾದರೂ ಸುರಿಯಲೇಬೇಕು.

ಯಾರ ಮುಂದೆ? ಡೊಂಬಿವಿಲಿಯಲ್ಲಿ ಕ್ಲಿನಿಕ್‌ಗೆ ಬರವಿಲ್ಲ. ಸೊಸೈಟಿಯ ಹಿರಿಯರನ್ನು ಕೇಳಿ, ಆದರೆ 'ಒಳ್ಳೆ ಡಾಕ್ಟರು ಯಾರು' ಅಂತ ಕೇಳಿದರೆ ಎಲ್ಲರೂ ದೊಡ್ಡ ಹೆಸರನ್ನೇ ಹೇಳುತ್ತಾರೆ. 'ನಿಮ್ಮ ಮನೆಯಲ್ಲಿ ಕಾಯಿಲೆ ಬಿದ್ದಾಗ ಫೋನ್ ತೆಗೆದವರು ಯಾರು' ಅಂತ ಕೇಳಿ. ಮೆಡಿಕಲ್ ಅಂಗಡಿಯವರಿಗೂ ಗೊತ್ತಿರುತ್ತದೆ, ಯಾವ ಡಾಕ್ಟರು ಎರಡು ಮಾತ್ರೆಯಲ್ಲಿ ಮುಗಿಸುತ್ತಾರೆ, ಯಾರು ಹತ್ತು ಬರೆಯುತ್ತಾರೆ ಅಂತ. ನಡೆದು ಹೋಗುವಷ್ಟು ಅಥವಾ ರಿಕ್ಷಾದಲ್ಲಿ ಹತ್ತು ನಿಮಿಷದಷ್ಟು ಹತ್ತಿರ ಇರಲಿ. ಬೋರ್ಡಿನ ಮೇಲಿನ ಡಿಗ್ರಿ ಓದಿ. ಎಂಬಿಬಿಎಸ್ ಇರಲಿ, ಎಂಡಿ ಮೆಡಿಸಿನ್ ಇರಲಿ, ಫ್ಯಾಮಿಲಿ ಮೆಡಿಸಿನ್‌ನಲ್ಲೇ ಡಿಎನ್‌ಬಿ ಅನ್ನುವ ಹೆಚ್ಚಿನ ಡಿಗ್ರಿ ಮಾಡಿದವರು ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಗಲ್ಲಿ ಕ್ಲಿನಿಕ್‌ಗಳಲ್ಲಿ ಬಿಎಎಂಎಸ್, ಬಿಎಚ್‌ಎಂಎಸ್ ಮಾಡಿದವರೂ ಬಹಳ ಇದ್ದಾರೆ. ಅವರು ಆಯುರ್ವೇದ, ಹೋಮಿಯೋಪತಿ ಓದಿದವರು ಅನ್ನುವುದು ನಿಮಗೆ ಗೊತ್ತಿದ್ದೇ ಹೋಗಬೇಕು, ಅಷ್ಟೆ. ಚೀಟಿಯ ಮೇಲೆ ರಿಜಿಸ್ಟ್ರೇಶನ್ ನಂಬರ್ ಇರಬೇಕು. ಅಲೋಪತಿ ಡಾಕ್ಟರಾದರೆ ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನ ನಂಬರ್ ಇರುತ್ತದೆ. ನ್ಯಾಷನಲ್ ಮೆಡಿಕಲ್ ಕಮಿಷನ್‌ನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು, ನಿಮ್ಮ ಮಕ್ಕಳಿಗೆ ಐದು ನಿಮಿಷದ ಕೆಲಸ.

ಆಮೇಲೆ ಕಾಯಿಲೆ ಇಲ್ಲದ ಒಂದು ದಿನ ಹೋಗಿ. ಫೀಸು ಕೊಟ್ಟು ಕೂತು ಮಾತಾಡಿ. ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಬಹಳ ತಿಳಿಯುತ್ತದೆ. ನೆಗಡಿ ಅಂತ ಬಂದ ಪ್ರತಿಯೊಬ್ಬರೂ ಇಂಜೆಕ್ಷನ್ ಚುಚ್ಚಿಸಿಕೊಂಡು ಹೊರಗೆ ಬರುತ್ತಿದ್ದರೆ, ಸುಸ್ತು ಅಂದವರಿಗೆಲ್ಲ ಸಲೈನ್ ಏರಿಸುತ್ತಿದ್ದರೆ, ಸುಮ್ನೆ ಎದ್ದು ಬನ್ನಿ. ಒಳಗೆ ಹೋದಾಗ ನೋಡಿ: ಬಿಪಿ ಪಟ್ಟಿ ಕಟ್ಟುವ ಮೊದಲು ಐದು ನಿಮಿಷ ಕೂರಿಸುತ್ತಾರಾ, ಹಳೇ ರಿಪೋರ್ಟ್ ತೆರೆದು ನೋಡುತ್ತಾರಾ, ಏನಾದರೂ ಬರೆದಿಟ್ಟುಕೊಳ್ಳುತ್ತಾರಾ. ಒಂದು ಮಾತ್ರೆಯನ್ನಾದರೂ 'ಇದು ಬೇಡ' ಅನ್ನುತ್ತಾರಾ. ಕೇಳಲೇಬೇಕಾದ ಪ್ರಶ್ನೆ ಎರಡಿವೆ. 'ನೀವು ಊರಲ್ಲಿ ಇಲ್ಲದಾಗ ಯಾರ ಹತ್ತಿರ ಹೋಗಲಿ?' ಮತ್ತು 'ದೊಡ್ಡ ಡಾಕ್ಟರ ಹತ್ತಿರ ಕಳಿಸುವಾಗ ಪತ್ರ ಬರೆದುಕೊಡುತ್ತೀರಾ?' ಎರಡಕ್ಕೂ ತಟ್ಟನೆ ಉತ್ತರ ಬಂದರೆ ಒಳ್ಳೆಯ ಲಕ್ಷಣ.

ಸ್ಪೆಷಲಿಸ್ಟ್‌ಗಳನ್ನು ಬಿಡಿ ಅಂತ ಹೇಳುತ್ತಿಲ್ಲ. ಹಾರ್ಟ್ ಡಾಕ್ಟರು ಬೇಕೇ ಬೇಕು. ಆದರೆ ಅವರಲ್ಲಿಗೆ ಹೋಗುವ ದಾರಿಯೂ, ಅಲ್ಲಿಂದ ವಾಪಸ್ ಬರುವ ಚೀಟಿಯೂ ಈ ಹತ್ತಿರದ ಡಾಕ್ಟರ ಮೇಜಿನ ಮೇಲಿಂದಲೇ ಹೋಗಿ ಬರಲಿ. ಡಾಕ್ಟರೊಬ್ಬರೇ ಸಾಕಾಗುವುದೂ ಇಲ್ಲ. ಮಂಡಿಗೆ ಕಸರತ್ತು ಹೇಳಿಕೊಡುವ ಫಿಸಿಯೋಥೆರಪಿಯವರು, ಶುಗರ್‌ಗೆ ಊಟ ಹೇಳುವ ಡಯಟಿಶಿಯನ್, ಇದು ಹೋದ ತಿಂಗಳ ಮಾತ್ರೆಯೇ ಅಲ್ವಾ ಅಂತ ತಡೆದು ಕೇಳುವ ಮೆಡಿಕಲ್ ಅಂಗಡಿಯವರು, ಮನೆಗೆ ಬಂದು ರಕ್ತ ತೆಗೆಯುವ ಹುಡುಗ, ಇವರೆಲ್ಲ ಸೇರಿದರೆ ತಂಡ. ಎಲ್ಲಾ ಔಷಧವನ್ನೂ ಒಂದೇ ಅಂಗಡಿಯಿಂದ ತರುವುದು ಕೂಡ ಒಂದು ಕಾವಲು. ಒಂದು ಹಾಳೆಯಲ್ಲಿ ಮಾತ್ರೆಯ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗ, ಯಾರು ಬರೆದದ್ದು ಅಂತ ಬರೆದು ಮನೆಯವರ ಪರ್ಸಿನಲ್ಲಿ ಇಡಿ. ಇದನ್ನು ಇವತ್ತೇ ಮಾಡಿ.

ಪ್ರಶ್ನೆ: ನಾನು ಕುಂದಾಪುರ ಕಡೆಯವನು, ಅಂಧೇರಿಯ ಹೋಟೆಲಿನಲ್ಲಿ ಕೆಲಸ, ಅಲ್ಲೇ ಮೇಲಿನ ಮಾಳಿಗೆಯಲ್ಲಿ ಏಳೆಂಟು ಹುಡುಗರು ಮಲಗುತ್ತೇವೆ. ಮೂರು ವಾರದಿಂದ ಕೆಮ್ಮು. ಮೆಡಿಕಲ್‌ನಲ್ಲಿ ಸಿರಪ್ ತಗೊಂಡೆ, ಕಡಿಮೆಯಾಗಲಿಲ್ಲ. ಪ್ರೈವೇಟ್ ಡಾಕ್ಟರಿಗೆ ಕೊಡಲು ದುಡ್ಡು ಕಷ್ಟ. ರೇಶನ್ ಕಾರ್ಡ್ ಊರಿನದ್ದು. ಇಲ್ಲಿ ನಮ್ಮಂಥವರನ್ನು ನೋಡುತ್ತಾರಾ? – ಓದುಗ, ಅಂಧೇರಿ

ತಮ್ಮಾ, ನೋಡುತ್ತಾರೆ. ನಾಳೆಯೇ ಹೋಗು.

ಎರಡು ವಾರ ದಾಟಿದ ಕೆಮ್ಮಿಗೆ ಕಫದ ಪರೀಕ್ಷೆ ಮಾಡಿಸಲೇಬೇಕು, ಬೇಕಾದರೆ ಎಕ್ಸ್‌ರೇ. ಟಿಬಿಯೇ ಅಂತ ಹೇಳುತ್ತಿಲ್ಲ, ಅಲರ್ಜಿ ಇರಬಹುದು, ಒಲೆಯ ಹೊಗೆ ಇರಬಹುದು. ಆದರೆ ಮುಂಬೈಯಲ್ಲಿ, ಅದೂ ಗಾಳಿ ಕಡಿಮೆ ಇರುವ ಮಾಳಿಗೆಯಲ್ಲಿ ಏಳೆಂಟು ಜನ ಮಲಗುವಾಗ, ಮೊದಲು ಅದು ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಬಿಎಂಸಿಯ, ಅಂದರೆ ಮುಂಬೈ ಮಹಾನಗರ ಪಾಲಿಕೆಯ, ದವಾಖಾನೆ ಪ್ರತಿ ವಾರ್ಡಿನಲ್ಲೂ ಇದೆ. 2022ರಲ್ಲಿ ಶುರುವಾದ ಬಾಳಾಸಾಹೇಬ್ ಠಾಕ್ರೆ ಆಪ್ಲಾ ದವಾಖಾನಾ ಅಂತ ಇನ್ನೊಂದಿದೆ, ಕೆಲವು ಕಡೆ ಪಕ್ಕಾ ಕಟ್ಟಡ, ಕೆಲವು ಕಡೆ ಪೋರ್ಟಾ ಕ್ಯಾಬಿನ್. ಡಾಕ್ಟರು, ನರ್ಸ್, ಔಷಧ ಕೊಡುವವರು ಇರುತ್ತಾರೆ. ನೋಡುವುದೂ ಔಷಧವೂ ಪುಕ್ಕಟೆ, ರಕ್ತ ಪರೀಕ್ಷೆಗೂ ದುಡ್ಡಿಲ್ಲ. ಇವುಗಳಲ್ಲಿ ಕೆಲವು ರಾತ್ರಿ ಹತ್ತರ ತನಕ ತೆರೆದಿರಲಿ ಅಂತಲೇ ಮಾಡಿದ್ದು, ನಿಮ್ಮ ಹಾಗೆ ಹಗಲು ಬಿಡುವಿಲ್ಲದವರಿಗೆ. ಹತ್ತಿರದ್ದರ ಸಮಯವನ್ನು ಹೊರಗಿನ ಬೋರ್ಡಿನಲ್ಲಿ ನೋಡಿಕೋ. ಆಧಾರ್ ಇದ್ದರೆ ಹಿಡಿದುಕೊಂಡು ಹೋಗು. ರೇಶನ್ ಕಾರ್ಡ್ ಊರಿನದ್ದು ಅನ್ನುವ ಕಾರಣಕ್ಕೆ ಹೆದರಬೇಡ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಟಿಬಿ ಅಂತ ಬಂದರೂ ಎದೆಗುಂದಬೇಡ. ಸಾಮಾನ್ಯ ಟಿಬಿಗೆ ಆರು ತಿಂಗಳ ಮಾತ್ರೆ, ಸರ್ಕಾರದ್ದು ಪೂರ್ತಿ ಪುಕ್ಕಟೆ. ಚಿಕಿತ್ಸೆ ನಡೆಯುವಷ್ಟು ದಿನ ಊಟದ ಖರ್ಚಿಗೆ ಅಂತ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ, 2024ರ ನವೆಂಬರಿಗೆ ಮೊದಲು ಇದು 500 ಇತ್ತು. ಮಧ್ಯೆ ಊರಿಗೆ ಹೋಗಬೇಕಾದರೆ ಹೇಳಿಯೇ ಹೋಗು, ಕುಂದಾಪುರದ ಆಸ್ಪತ್ರೆಗೆ ವರ್ಗ ಮಾಡಿಕೊಡುತ್ತಾರೆ, ಅಲ್ಲಿ ಮುಂದುವರಿಯುತ್ತದೆ. ನಡುವೆ ಬಿಟ್ಟರೆ ಮಾತ್ರ ಕಷ್ಟ, ಔಷಧಕ್ಕೆ ಬಗ್ಗದ ಟಿಬಿ ಆಗಿಬಿಡುತ್ತದೆ. ಜೊತೆಯಲ್ಲಿ ಮಲಗುವ ಹುಡುಗರಿಗೂ ಆಗ ಪರೀಕ್ಷೆ ಮಾಡಿಸಬೇಕು. ಇದನ್ನು ಮಾಲೀಕರಿಗೆ ಹೇಳಲು ಭಯವಾದರೆ ದವಾಖಾನೆಯ ಸಿಸ್ಟರ್ ಹತ್ತಿರ ಹೇಳು, ಇಂಥ ಮಾತು ಹೇಗೆ ಆಡಬೇಕು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹೋಟೆಲ್ ಮಾಲೀಕರು ಈ ಅಂಕಣ ಓದುತ್ತಾರೆ ಅಂತ ನನಗೆ ಗೊತ್ತು, ಅವರಿಗೂ ಒಂದು ಮಾತು. ಚಿಕಿತ್ಸೆ ಶುರುವಾಗಿ ಕೆಲವು ವಾರದಲ್ಲಿ ಹೆಚ್ಚಿನವರಿಂದ ಬೇರೆಯವರಿಗೆ ಹರಡುವುದು ನಿಲ್ಲುತ್ತದೆ. ಕೆಲಸಕ್ಕೆ ಯಾವಾಗ ಬರಬಹುದು ಅನ್ನುವುದನ್ನು ಡಾಕ್ಟರು ಹೇಳಲಿ. ಹುಡುಗನನ್ನು ರಾತ್ರೋರಾತ್ರಿ ಬಸ್ಸು ಹತ್ತಿಸಿ ಕಳಿಸಬೇಡಿ.

ಇನ್ನೊಂದು, ಮಳೆಗಾಲದ್ದು. ಬೆಳಗಿನ ಜಾವ ತರಕಾರಿಗೆ ಅಂತ ಮಾರ್ಕೆಟ್ಟಿಗೆ ಹೋಗುವವರು ಮೊಣಕಾಲು ನೀರಿನಲ್ಲಿ ನಡೆಯುತ್ತೀರಿ. 2005ರ ಜುಲೈ 26ರ ಮಳೆಯ ನಂತರ ಈ ಊರಿನಲ್ಲಿ ಇಲಿಜ್ವರ ಎಷ್ಟು ಜನರನ್ನು ಮಲಗಿಸಿತು ಅನ್ನುವುದು ಹಳಬರಿಗೆ ನೆನಪಿದೆ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯದಿಂದ ಒಳಗೆ ಹೋದರೂ ಸಾಕು. ಅಂಥ ನೀರಿನಲ್ಲಿ ನಡೆದರೆ 72 ಗಂಟೆಯೊಳಗೆ ದವಾಖಾನೆಗೆ ಹೋಗಿ ತಡೆಯುವ ಮಾತ್ರೆ ಬೇಕೇ ಅಂತ ಕೇಳಿ ಅಂತ ಬಿಎಂಸಿಯೇ ಪ್ರತಿ ಮಳೆಗಾಲ ಹೇಳುತ್ತದೆ. ನಮ್ಮ ಹುಡುಗರ ಕಿವಿಗೆ ಇದು ಬಿದ್ದೇ ಇಲ್ಲ.

ಪ್ರಶ್ನೆ: ಮಗ ಕೆನಡಾದ ಒಂಟಾರಿಯೋದಲ್ಲಿದ್ದಾನೆ. ಅಲ್ಲಿ ಫ್ಯಾಮಿಲಿ ಡಾಕ್ಟರ್ ಸಿಗಲು ಹೆಸರು ಬರೆಸಿ ಕಾಯಬೇಕಂತೆ, ಸಿಕ್ಕರೆ ನರ್ಸ್, ಡಯಟಿಶಿಯನ್ ಎಲ್ಲ ಒಂದೇ ಕಡೆಯಂತೆ. ಅಲ್ಲಿಯೇ ಅಷ್ಟು ಕಷ್ಟವಾದರೆ ನಮ್ಮಲ್ಲಿ ಅಂಥದ್ದು ಕನಸೇ ತಾನೆ? – ನಿವೃತ್ತ ಶಿಕ್ಷಕಿ, ಕೋಥ್ರೂಡ್, ಪುಣೆ

ಟೀಚರ್, ನಿಮ್ಮ ಮಗ ಹೇಳಿದ್ದು ನಿಜ. ಒಂಟಾರಿಯೋದಲ್ಲಿ ಫ್ಯಾಮಿಲಿ ಹೆಲ್ತ್ ಟೀಮ್ ಅಂತ 2005ರಿಂದ ಇವೆ. ಡಾಕ್ಟರು, ನರ್ಸ್, ನರ್ಸ್ ಪ್ರಾಕ್ಟೀಶನರ್, ಡಯಟಿಶಿಯನ್, ಸೋಶಿಯಲ್ ವರ್ಕರ್, ಔಷಧ ತಜ್ಞರು ಒಂದೇ ತಂಡ. ನರ್ಸ್ ಪ್ರಾಕ್ಟೀಶನರ್ ಅಂದರೆ ಹೆಚ್ಚಿನ ಓದು ಓದಿದ ನರ್ಸ್, ಅವರೇ ಪರೀಕ್ಷೆ ಮಾಡಿ ಔಷಧ ಬರೆಯಬಹುದು. ಆದರೆ ಎಲ್ಲರಿಗೂ ಈ ತಂಡ ಸಿಕ್ಕಿಲ್ಲ. ಡಾಕ್ಟರು ಇಲ್ಲದವರು ಹೆಲ್ತ್ ಕೇರ್ ಕನೆಕ್ಟ್ ಅನ್ನುವ ಅಲ್ಲಿನ ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯಬೇಕು. ಮಗ ಬರೆಸಿಲ್ಲದಿದ್ದರೆ ಮೊದಲು ಬರೆಸಲಿ, ಅದಕ್ಕೆ ಒಹಿಪ್ ಅನ್ನುವ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡ್ ಬೇಕು. ಅಲ್ಲಿಯವರೆಗೆ 811ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ನರ್ಸ್ ಮಾತಿಗೆ ಸಿಗುತ್ತಾರೆ.

ಕನಸೇ ಅಂದಿರಲ್ಲ, ಆ ಮಾತು ನಾನು ಒಪ್ಪುವುದಿಲ್ಲ. ಸ್ವಾತಂತ್ರ್ಯ ಬರುವ ಮೊದಲೇ, 1946ರಲ್ಲಿ, ಸರ್ಕಾರ ನೇಮಿಸಿದ ಭೋರ್ ಸಮಿತಿ ಹಳ್ಳಿ ಹಳ್ಳಿಗೆ ಹತ್ತಿರವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು, ಅಲ್ಲಿ ಡಾಕ್ಟರ ಜೊತೆ ನರ್ಸ್, ಸೂಲಗಿತ್ತಿ ಎಲ್ಲ ಇರಬೇಕು ಅಂತ ಬರೆದಿತ್ತು. 1978ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಆಲ್ಮಾ ಆಟಾ ನಗರದಲ್ಲಿ ಜಗತ್ತೆಲ್ಲ ಸೇರಿ ಪ್ರಾಥಮಿಕ ಆರೋಗ್ಯದ ಘೋಷಣೆ ಮಾಡಿದಾಗ ನಮ್ಮಲ್ಲಿ ಕೇಂದ್ರಗಳು ಆಗಲೇ ನಡೆಯುತ್ತಿದ್ದವು. ಬಯಲು ಸೀಮೆಯಲ್ಲಿ 5,000 ಜನಕ್ಕೆ ಒಂದು ಉಪಕೇಂದ್ರ, 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವುದು ನಮ್ಮ ಲೆಕ್ಕ. 2005ರಿಂದ ಆಶಾ ಕಾರ್ಯಕರ್ತೆಯರು ಬಂದರು. 2018ರ ನಂತರ ಉಪಕೇಂದ್ರದಲ್ಲಿ ಬಿಪಿ, ಶುಗರ್ ನೋಡುವ ಸಮುದಾಯ ಆರೋಗ್ಯ ಅಧಿಕಾರಿಯೂ ಇದ್ದಾರೆ, ಈಗ ಅದರ ಹೆಸರು ಆಯುಷ್ಮಾನ್ ಆರೋಗ್ಯ ಮಂದಿರ. ವಿಜಯಪುರದ ಹಳ್ಳಿಯಲ್ಲಿರುವ ಅತ್ತಿಗೆಯ ಮನೆಗೆ ಆಶಾ ಬಂದು ಬಾಗಿಲು ಬಡಿಯುತ್ತಾಳೆ. ಪುಣೆಯ ನಾಲ್ಕನೇ ಮಹಡಿಯ ನಿಮ್ಮ ಮನೆಗೆ ಯಾರೂ ಬರುವುದಿಲ್ಲ. ಇಲ್ಲಿ ತಂಡ ಇಲ್ಲವೇ ಇಲ್ಲ ಅಂತಲ್ಲ. ನಗರಕ್ಕೆ ಅಂತ 2013ರಲ್ಲಿ ಬೇರೆ ಯೋಜನೆಯೇ ಬಂತು, 50,000 ಜನಕ್ಕೆ ಒಂದು ನಗರ ಆರೋಗ್ಯ ಕೇಂದ್ರ ಅಂತ. ನಮ್ಮಂಥ ಮಧ್ಯಮ ವರ್ಗದವರು ಅದರ ಬಾಗಿಲು ತುಳಿಯುವುದಿಲ್ಲ, ಅಷ್ಟೆ. ಅದು ಬಡವರದ್ದು ಅಂತ ಬಿಟ್ಟುಬಿಟ್ಟಿದ್ದೇವೆ. ನನಗೆ ಇದರ ಬಗ್ಗೆ ಬಹಳ ಬೇಸರ ಇದೆ. ಕೇಳುವ ದನಿಯುಳ್ಳವರು ಹೋಗದಿದ್ದರೆ ಅಲ್ಲಿ ಖಾಲಿ ಕುರ್ಚಿ ಖಾಲಿಯೇ ಉಳಿಯುತ್ತದೆ. ನೀವು ಒಂದು ಸಲ ಹೋಗಿ ಬನ್ನಿ ಟೀಚರ್. 30 ದಾಟಿದ ಎಲ್ಲರಿಗೂ ಬಿಪಿ, ಶುಗರ್ ಮತ್ತು ಬಾಯಿಯ ಕ್ಯಾನ್ಸರಿನ ತಪಾಸಣೆ, ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಇದೆಯೇ ಅಂತ ಕೇಳಿ, ಇಲ್ಲ ಅಂದರೆ ಯಾಕಿಲ್ಲ ಅಂತ ನಿಮ್ಮ ನಗರಸೇವಕರಿಗೆ (ಪಾಲಿಕೆ ಸದಸ್ಯರಿಗೆ) ಬರೆಯಿರಿ. ಶಿಕ್ಷಕಿಯರು ಬರೆದ ಪತ್ರಕ್ಕೆ ಬೆಲೆ ಇದೆ.

ಪ್ರಶ್ನೆ: ನಾವು ಬಾಗಲಕೋಟಿ ಕಡೆಯವರು. ಗೋವಾದಾಗ ವಾಸ್ಕೋದ ಬೈನಾದಲ್ಲಿ ಅದೀವಿ. ಕೂಸಿಗೆ ಊರಾಗ ಎರಡು ಸಲ ಸೂಜಿ ಹಾಕಿಸೀವಿ, ಆಮೇಲೆ ಕೆಲಸಕ್ಕ ಇಲ್ಲಿ ಬಂದಿವಿ, ಮೂರನೇದು ತಪ್ಪಿ ಹೋತು. ಇಲ್ಲಿ ಹಾಕತಾರೇನು? ಮತ್ತ ಮೊದಲಿಂದ ಹಾಕಿಸಬೇಕೇನು? – ತಮ್ಮನ ಕೈಲಿ ಬರೆಸಿದ್ದು

ತಂಗಿ, ಹಾಕುತ್ತಾರೆ. ಮೊದಲಿಂದ ಬೇಡ. ಆರು, ಹತ್ತು, ಹದಿನಾಲ್ಕನೇ ವಾರಕ್ಕೆ ಕೊಡುವ ಸೂಜಿಯಲ್ಲಿ ಒಂದು ತಪ್ಪಿದರೆ ನಿಂತಲ್ಲಿಂದಲೇ ಮುಂದುವರಿಸುತ್ತಾರೆ. ಊರಿನ ತಾಯಿ ಕಾರ್ಡ್ ಇದ್ದರೆ ತಗೊಂಡು ವಾಸ್ಕೋದ ನಗರ ಆರೋಗ್ಯ ಕೇಂದ್ರಕ್ಕೆ ಹೋಗು. ಕಾರ್ಡ್ ಊರಲ್ಲೇ ಉಳಿದಿದ್ದರೆ ಅದರ ಫೋಟೋ ಫೋನಿಗೆ ತರಿಸಿಕೋ. ಲಸಿಕೆಗೆ ದುಡ್ಡಿಲ್ಲ, ಎಷ್ಟು ವರ್ಷದಿಂದ ಗೋವಾದಲ್ಲಿದ್ದೀರಿ ಅಂತ ಕೇಳುವ ಹಾಗೂ ಇಲ್ಲ. ವರ್ಷಗಳ ಲೆಕ್ಕ ಕೇಳುವುದು ಗೋವಾ ಸರ್ಕಾರದ ದೀನದಯಾಳ್ ಆರೋಗ್ಯ ಕಾರ್ಡಿಗೆ, ಐದು ವರ್ಷ ಅಲ್ಲಿ ವಾಸ ಇರಬೇಕು, ಅದು ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಎರಡನ್ನೂ ಒಂದೇ ಅಂದುಕೊಂಡು ಬಹಳ ಜನ ಲಸಿಕೆಗೂ ಹೋಗುವುದಿಲ್ಲ. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರದ ಸೂಜಿ ಇದೆ, ಮರೆಯಬೇಡ. ಮಗುವಿಗೆ ಜೋರಾಗಿ ಏನಾದರೂ ಆದರೆ ಹತ್ತಿರದ ದೊಡ್ಡದು ಚಿಕಲಿಮ್ ಆಸ್ಪತ್ರೆ, ಅದಕ್ಕೂ ಮೇಲೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು. ಆಂಬ್ಯುಲೆನ್ಸ್ 108.

ಪ್ರಶ್ನೆ: ಆಭಾ ನಂಬರ್ ಮಾಡಿಸಿದರೆ ಫೈಲು ಇಟ್ಟುಕೊಳ್ಳುವ ಗೋಜಿಲ್ಲ ಅಂತಾರೆ, ಹೌದಾ? – ಬೋರಿವಿಲಿ

ಮಾಡಿಸಿ, ನಿಮ್ಮ ಆರೋಗ್ಯದ ದಾಖಲೆಗಳನ್ನು ಫೋನಿನಲ್ಲೇ ಒಂದು ಕಡೆ ಜೋಡಿಸುವ ಸರ್ಕಾರದ 14 ಅಂಕಿಯ ನಂಬರ್ ಅದು, ದುಡ್ಡಿಲ್ಲ. ಆದರೆ ಗಲ್ಲಿಯ ಎಲ್ಲಾ ಕ್ಲಿನಿಕ್, ಲ್ಯಾಬ್ ಅದಕ್ಕೆ ಸೇರಿಲ್ಲ. ಕಾಗದದ ಫೈಲು ಬಿಸಾಡಬೇಡಿ.

ಪ್ರಶ್ನೆ: ಅಪ್ಪ ಹೋದ ಮೇಲೆ 74 ವರ್ಷದ ಅಮ್ಮನನ್ನು ಕಾರ್ಕಳದಿಂದ ಮುಲುಂಡಿಗೆ ಕರೆತಂದೆ. ಅವರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬರುವುದಿಲ್ಲ. ಡಾಕ್ಟರ ಹತ್ತಿರ ನಾನೇ ಹಿಂದಿಯಲ್ಲಿ ಹೇಳಬೇಕು. ಅಮ್ಮ ಏನನ್ನೋ ಹೇಳದೆ ಉಳಿಸಿಕೊಳ್ಳುತ್ತಾರೆ ಅನಿಸುತ್ತದೆ. – ಮಗ, ಮುಲುಂಡ್

ನಿಮಗೆ ಸರಿಯಾಗಿಯೇ ಅನಿಸಿದೆ. ಮೂತ್ರ ತಡೆಯಲಾಗುವುದಿಲ್ಲ, ಬಿಳಿ ಹೋಗುತ್ತದೆ, ರಾತ್ರಿ ಅಳು ಬರುತ್ತದೆ, ಇಂಥದ್ದನ್ನು ತಾಯಿ ಮಗನ ಬಾಯಲ್ಲಿ ಹೇಳಿಸುವುದಿಲ್ಲ. ಜೊತೆಯಲ್ಲಿ ಹೆಂಗಸರೊಬ್ಬರು ಹೋಗಲಿ, ಸೊಸೆಯೋ ಪಕ್ಕದ ಮನೆಯವರೋ. ಮುಂಬೈಯ ಕ್ಲಿನಿಕ್, ಆಸ್ಪತ್ರೆಗಳಲ್ಲಿ ಮಂಗಳೂರು, ಉಡುಪಿ ಕಡೆಯ ಸಿಸ್ಟರ್‌ಗಳು ಬಹಳ ಇದ್ದಾರೆ. ನಿಮ್ಮ ಹತ್ತಿರದ ಕ್ಲಿನಿಕ್‌ಗಳಲ್ಲಿ ಯಾರಾದರೂ ತುಳು ಬಲ್ಲವರು ಇದ್ದಾರಾ ಅಂತ ನೇರ ಕೇಳಿ. ಡಾಕ್ಟರಿಗೇ ಭಾಷೆ ಬರಬೇಕೆಂದಿಲ್ಲ, ಆ ಕೋಣೆಯಲ್ಲಿ ಒಬ್ಬರಿಗೆ ಬಂದರೂ ಸಾಕು. ನೀವು ಹೋದ ದಿನವೂ ಐದು ನಿಮಿಷ ಹೊರಗೆ ಕೂತಿರಿ. ಮನೆಯಲ್ಲಿ ಅಮ್ಮ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, 'ಎದೆ ಉರಿ' ಮತ್ತು 'ಎದೆ ಹಿಡಿದ ಹಾಗೆ' ಎರಡೂ ಬೇರೆ, ನೀವು ಎರಡಕ್ಕೂ ಗ್ಯಾಸ್ ಅಂತ ಹೇಳಿಬಿಟ್ಟರೆ ಡಾಕ್ಟರ ದಾರಿ ತಪ್ಪುತ್ತದೆ.

ಅಪ್ಪ ಹೋದ ಮೇಲೆ, ಊರು ಬಿಟ್ಟು ಬಂದ ಮೇಲೆ, ಮನಸ್ಸು ಕುಸಿಯುವುದು ಸಹಜ. ನಿದ್ದೆ, ಊಟ ಎರಡೂ ಕಡಿಮೆಯಾಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡುವ ಆಯ್ಕೆ ಇದೆ, ಅಮ್ಮನೇ ಮಾತಾಡಲಿ. ಇನ್ನು ಕಾರ್ಡಿನ ಮಾತು. 70 ದಾಟಿದವರಿಗೆ ವರಮಾನ ಎಷ್ಟೇ ಇರಲಿ, ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ, 2024ರ ಅಕ್ಟೋಬರಿನಿಂದ. ವರ್ಷಕ್ಕೆ 5 ಲಕ್ಷದ ತನಕ. ಆದರೆ ಅದು ಆಸ್ಪತ್ರೆಗೆ ಸೇರಿದರೆ ಮಾತ್ರ, ತಿಂಗಳು ತಿಂಗಳು ಡಾಕ್ಟರಿಗೆ ತೋರಿಸುವ ಖರ್ಚು ಅದರಲ್ಲಿ ಬರುವುದಿಲ್ಲ. ಕಾರ್ಡ್ ಕೈಗೆ ಬಂತು ಅಂತ ಹತ್ತಿರದ ಡಾಕ್ಟರನ್ನು ಹುಡುಕುವುದನ್ನು ಬಿಡಬೇಡಿ.

ಪ್ರಶ್ನೆ: ನಮ್ಮ ಕನ್ನಡ ಸಂಘ ಪ್ರತಿ ವರ್ಷ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆಸುತ್ತದೆ. ಈ ಸಲ ದೇಣಿಗೆ ಸ್ವಲ್ಪ ಜಾಸ್ತಿ ಬಂದಿದೆ. ಇಸಿಜಿ, ಎಲುಬಿನ ಸ್ಕ್ಯಾನ್ ಕೂಡ ಸೇರಿಸೋಣ ಅಂತ ಇದ್ದೇವೆ. ಸಲಹೆ ಕೊಡಿ. – ಸಂಘದ ಕಾರ್ಯದರ್ಶಿ, ಠಾಣೆ

ಯಂತ್ರ ಸೇರಿಸಬೇಡಿ, ಜನರನ್ನು ಸೇರಿಸಿ.

ನಾನು ಇಂಥ ಶಿಬಿರಗಳಲ್ಲಿ ಬೇಕಾದಷ್ಟು ಕೂತಿದ್ದೇನೆ. ಹಾಲಿನ ಹೊರಗೆ ಚಪ್ಪಲಿ ರಾಶಿ, ಒಳಗೆ ಸಾಲು, ಬಿಪಿ 170 ಅಂತ ಕೆಂಪು ಪೆನ್ನಿನಲ್ಲಿ ಬರೆದ ಹಾಳೆ, ಉಪ್ಪಿಟ್ಟು, ಫೋಟೋ. ಆ ಹಾಳೆ ಮನೆಗೆ ಹೋಗಿ ಯಾವುದೋ ಕಪಾಟು ಸೇರುತ್ತದೆ. ಮುಂದಿನ ವರ್ಷ ಅದೇ ಮನುಷ್ಯ ಅದೇ ಸಾಲಿನಲ್ಲಿ, ಅದೇ 170. ನಡುವಿನ ಹನ್ನೊಂದು ತಿಂಗಳು ಅವರಿಗೆ ಯಾರೂ ಫೋನ್ ಮಾಡಿಲ್ಲ. ಅಷ್ಟು ಜನ ಅಷ್ಟು ಪ್ರೀತಿಯಿಂದ ದುಡಿದು ಕಟ್ಟಿದ್ದು ಹೀಗೆ ಸೋರಿಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಬ್ರೆಜಿಲ್‌ನಲ್ಲಿ 1994ರಲ್ಲಿ ಕುಟುಂಬ ಆರೋಗ್ಯ ತಂಡ ಅಂತ ಶುರು ಮಾಡಿದರು. ಡಾಕ್ಟರು, ನರ್ಸ್, ಜೊತೆಗೆ ಅದೇ ಬೀದಿಯ ಆರೋಗ್ಯ ಕಾರ್ಯಕರ್ತರು. ಆ ಕಾರ್ಯಕರ್ತರು ತಮ್ಮ ಪಾಲಿನ ಪ್ರತಿ ಮನೆಗೆ ತಿಂಗಳಿಗೊಮ್ಮೆ ಹೋಗುತ್ತಾರೆ, ಕಾಯಿಲೆ ಇರಲಿ ಬಿಡಲಿ. ದೇಶ ದೊಡ್ಡದು, ದುಡ್ಡು ಕಡಿಮೆ, ನಮ್ಮ ಹಾಗೆಯೇ. ಆದರೂ ಮಕ್ಕಳ ಸಾವು ಇಳಿಯಿತು. ಸಂಘಕ್ಕೆ ಅಷ್ಟು ದೊಡ್ಡದು ಮಾಡಲಾಗದು, ಅದರ ಒಂದು ತುಂಡು ಮಾಡಬಹುದು.

ಶಿಬಿರ ಮಾಡಿ, ಆದರೆ ಚಿಕ್ಕದು. ಬಿಪಿ, ಶುಗರ್, ತೂಕ, ಬಾಯಿಯೊಳಗೆ ಟಾರ್ಚ್ ಹಾಕಿ ನೋಡುವುದು, ಗುಟ್ಕಾ ತಿನ್ನುವವರು ನಮ್ಮಲ್ಲಿ ಕಡಿಮೆ ಇಲ್ಲ. ಒಂದು ದಿನದ ಬಿಪಿ ನೋಡಿ ಯಾರಿಗೂ ಮಾತ್ರೆ ಶುರು ಮಾಡಬೇಡಿ, ಸಾಮಾನ್ಯವಾಗಿ ಬೇರೆ ಬೇರೆ ದಿನ ಅಳೆದು 140/90 ಅಥವಾ ಮೇಲೆ ಇದ್ದರೇ ಬಿಪಿ ಅನ್ನುವುದು. 180 ದಾಟಿದವರನ್ನು, ಎದೆನೋವು ಅಂದವರನ್ನು ಮಾತ್ರ ಅದೇ ದಿನ ಆಸ್ಪತ್ರೆಗೆ ಕಳಿಸಿ. ಉಳಿದ ದುಡ್ಡಿನಲ್ಲಿ ಒಬ್ಬ ನಿವೃತ್ತ ಸಿಸ್ಟರಿಗೆ ತಿಂಗಳ ಗೌರವಧನ ಕೊಡಿ. ಸಂಘದಲ್ಲೇ ಅಂಥವರು ಸಿಗುತ್ತಾರೆ, ಕೆಇಎಂ, ಸಾಯನ್, ನಾಯರ್‌ನಂಥ ಆಸ್ಪತ್ರೆಯಲ್ಲಿ ಆಯುಷ್ಯ ಕಳೆದ ನಮ್ಮ ಊರಿನ ಹೆಂಗಸರು ಠಾಣೆಯ ತುಂಬ ಇದ್ದಾರೆ. ವಾರಕ್ಕೆ ಎರಡು ಸಂಜೆ ಸಂಘದ ಕೋಣೆಯಲ್ಲಿ ಕೂರಲಿ. ಶಿಬಿರದಲ್ಲಿ ಹೆಚ್ಚು ಬಂದವರಿಗೆ ಎರಡು ವಾರದೊಳಗೆ ಫೋನ್ ಮಾಡಲಿ: ಮತ್ತೆ ಅಳೆಸಿದಿರಾ, ಯಾವ ಡಾಕ್ಟರಿಗೆ ತೋರಿಸಿದಿರಿ, ಮಾತ್ರೆ ತಗೊಳ್ಳುತ್ತಿದ್ದೀರಾ. ಯಾರಿಗೂ ತೋರಿಸಿಲ್ಲ ಅಂದರೆ ಹತ್ತಿರದ ಪಾಲಿಕೆ ಕೇಂದ್ರಕ್ಕೋ ಪರಿಚಯದ ಕ್ಲಿನಿಕ್‌ಗೋ ಕಳಿಸಲಿ. ಅದಕ್ಕೆ ಮೊದಲು ನೀವು ಪದಾಧಿಕಾರಿಗಳು ಹೋಗಿ ಆ ಕೇಂದ್ರದ ಡಾಕ್ಟರನ್ನು ಕಂಡು ಮಾತಾಡಿ ಬನ್ನಿ, ಸಂಘದ ಚೀಟಿ ಹಿಡಿದು ಜನ ಬರುತ್ತಾರೆ ಅಂತ. ಜನೌಷಧಿ ಅಂಗಡಿ ಎಲ್ಲಿದೆ ಅಂತ ಒಂದು ಬೋರ್ಡ್ ಹಾಕಿ, ಬಿಪಿ ಶುಗರ್ ಮಾತ್ರೆ ಅಲ್ಲಿ ಬಹಳ ಅಗ್ಗ.

ಒಂದು ಎಚ್ಚರಿಕೆ. ಯಾರಿಗೆ ಏನು ಕಾಯಿಲೆ ಅನ್ನುವ ಪಟ್ಟಿ ಆ ಸಿಸ್ಟರ್ ಹತ್ತಿರ ಮಾತ್ರ ಇರಲಿ, ಬೀಗ ಹಾಕಿದ ಕಪಾಟಿನಲ್ಲಿ. ಕಮಿಟಿ ಸಭೆಯಲ್ಲಿ ಓದಬೇಡಿ, ಸಂಘದ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ಮಗಳ ಮದುವೆಯ ಮಾತುಕತೆ ನಡೆಯುತ್ತಿರುವ ಮನೆಯವರು ಆ ಒಂದು ಭಯಕ್ಕೇ ಬಿಪಿ ಅಳೆಸಲು ಕೂಡ ಬರುವುದಿಲ್ಲ.